ಬಿಸಿಲೂರಿನ ದುಡಿಮೆ: ಕೈ ನಿಧಾನವಾದರೆ ಮೊದಲು ಸೂರು ನೋಡಿ

ಏಪ್ರಿಲ್ ಕಾಲಿಟ್ಟರೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ 1.30ಕ್ಕೆ ಬೀಗ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಏಪ್ರಿಲ್–ಮೇ ತಿಂಗಳ ಮಟ್ಟಿಗೆ ಸರ್ಕಾರ ಹೊರಡಿಸುವ ಈ ಆದೇಶ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ಏನು ಹೇಳುತ್ತಿದೆ ಎಂದು ಯಾರೂ ಯೋಚಿಸುವುದಿಲ್ಲ. ಈ ಬಿಸಿಲಲ್ಲಿ ಮಧ್ಯಾಹ್ನದ ಮೇಲೆ ಮನುಷ್ಯನಿಂದ ನೆಟ್ಟಗೆ ಕೆಲಸ ಆಗದು ಎಂದು ಸರ್ಕಾರವೇ ಒಪ್ಪಿ ಸಹಿ ಹಾಕಿದ ಕಾಗದ ಅದು. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರ ಪಾಡೇ ಹೀಗಾದರೆ, ಪತ್ರಾಸಿನ ಶೆಡ್ಡಿನಲ್ಲಿ ನಿಂತು ಫರ್ಸಿಗೆ ಪಾಲಿಶ್ ಹಾಕುವವರದು?

ಅಲ್ಲಿ ನಡೆಯುವ ಮಾತೇ ಬೇರೆ. ಶಹಾಬಾದ್–ವಾಡಿ ಸುತ್ತಿನ ಯಾವುದಾದರೂ ಪಾಲಿಶ್ ಯುನಿಟ್ಟಿನಲ್ಲಿ ಮೇ ತಿಂಗಳ ಮಧ್ಯಾಹ್ನ ಒಂದು ಗಳಿಗೆ ನಿಂತರೆ ಇಂಥ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಯಾಕ ತಮ್ಮಾ, ಮುಂಜಾನಿಂದ ಇಷ್ಟೇ ಆಗ್ಯಾವೇನು?” “ಬಿಸಲು ಭಾಳ ಅದರೀ ಸಾವಕಾರ್ರೆ.” “ಬಿಸಲು ಹೋದ ವರ್ಷನೂ ಇತ್ತಲ್ಲೋ!” ಅಲ್ಲಿಗೆ ವಿಚಾರಣೆ ಮುಗಿಯಿತು, ಹುಡುಗ ಮೈಗಳ್ಳ ಎಂಬ ತೀರ್ಪೂ ಆಯಿತು. ಬಿಸಿಲು ಹೋದ ವರ್ಷವೂ ಇತ್ತು, ನಿಜ. ಹೋದ ವರ್ಷವೂ ಇಷ್ಟೇ ಕಲ್ಲು ಆಗಿದ್ದವೋ ಏನೋ. ಬರೆದಿಟ್ಟವರು ಯಾರು?

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ, ಈ ಐದು ಊರುಗಳ ಸುತ್ತ ದುಡಿಮೆ ಎಂದರೆ ಕಲ್ಲು, ಸಿಮೆಂಟು, ತೊಗರಿ ಮತ್ತು ರೈಲು. ನೆಲದಡಿ ಪದರು ಪದರಾಗಿ ಮಲಗಿರುವ ಸುಣ್ಣದ ಕಲ್ಲೇ ಎಲ್ಲದರ ಬುಡ. ಖಣಿಯಲ್ಲಿ ಎಬ್ಬಿಸಿದರೆ ಅದು ಫರ್ಸಿ, ಅರೆದು ಭಟ್ಟಿಗೆ ಹಾಕಿದರೆ ಸಿಮೆಂಟು. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀಯಂಥ ದೊಡ್ಡ ಕಾರ್ಖಾನೆಗಳಲ್ಲಿ ಸುರಕ್ಷತೆಗೆಂದೇ ಅಧಿಕಾರಿಗಳಿರುತ್ತಾರೆ, ನಿಯಮದ ಪುಸ್ತಕವಿರುತ್ತದೆ. ಎಂಟು–ಒಂಬತ್ತು ಆಳಿನ ಪಾಲಿಶ್ ಯುನಿಟ್ಟು, ಬೇಳೆ ಮಿಲ್ಲು, ಗ್ಯಾರೇಜು, ಬಜಾರದ ಅಂಗಡಿಗಳಿಗೆ ಹೇಳುವವರು ಕೇಳುವವರು ಇಲ್ಲ. 1948ರ ಕಾರ್ಖಾನೆ ಕಾಯ್ದೆ ಕರೆಂಟು ಬಳಸುವ ಜಾಗದಲ್ಲಿ ಹತ್ತು ಆಳಿದ್ದರೆ ಮಾತ್ರ ಅದನ್ನು ಕಾರ್ಖಾನೆ ಎನ್ನುತ್ತಿತ್ತು. 2020ರ ಹೊಸ ಸಂಹಿತೆ ಆ ಗೆರೆಯನ್ನು ಇಪ್ಪತ್ತಕ್ಕೆ ಏರಿಸಿತು. ಹಾಗಾಗಿ ಇಂಥ ಸಣ್ಣ ಜಾಗಗಳಲ್ಲಿ ಕೆಲಸ ಸುಧಾರಿಸುವುದು ಮಾಲೀಕರ ಕೈಯಲ್ಲೇ ಇದೆ. ಈ ಲೇಖನ ಮುಖ್ಯವಾಗಿ ಅವರಿಗೆ, ಮತ್ತು ಅವರಲ್ಲಿ ದುಡಿಯುವವರಿಗೆ.

ಬಿಸಿಲಿಗೆ ಹೋಗುವ ಕೂಲಿ ಯಾರ ಲೆಕ್ಕಕ್ಕೆ?

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಬಿಸಿ ತಾನಾಗಿ ಹೊರಗೆ ಹೋಗುತ್ತದೆ. ಹೊರಗೇ 42 ಇದ್ದಾಗ ಬಿಸಿ ಒಳಕ್ಕೆ ನುಗ್ಗುತ್ತದೆ. ಆಗ ಬೆವರು ಆರುವುದೊಂದೇ ದಾರಿ. ಹೃದಯ ರಕ್ತವನ್ನು ಚರ್ಮದ ಕಡೆಗೆ ಹೆಚ್ಚು ತಳ್ಳುತ್ತದೆ, ತೋಳು ತೊಡೆಗಳ ಪಾಲು ಕಡಿಮೆಯಾಗುತ್ತದೆ. ಹಾರೆ ಹಿಡಿದ ಕೈ ಸಡಿಲಾಗುತ್ತದೆ, ಕಣ್ಣಂದಾಜು ತಪ್ಪುತ್ತದೆ, ಕಲ್ಲಿನ ಮೂಲೆ ಹಾರುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲ, ಅಂದರೆ ಅಷ್ಟೇನೂ ದಣಿದಿಲ್ಲ ಎಂದು ನೋಡುವವನಿಗೂ ಅನ್ನಿಸುತ್ತದೆ, ದುಡಿಯುವವನಿಗೂ ಅನ್ನಿಸುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಹೊರತಂದ ವರದಿಯ ಪ್ರಕಾರ, 33–34 ಡಿಗ್ರಿಯಲ್ಲಿ ಮಧ್ಯಮ ಶ್ರಮದ ಕೆಲಸ ಮಾಡುವವರ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. 2030ರ ಹೊತ್ತಿಗೆ ಬಿಸಿಲಿನಿಂದ ಭಾರತ ಕಳೆದುಕೊಳ್ಳುವ ಕೆಲಸದ ವೇಳೆ ಶೇ 5.8, ಅಂದರೆ 3.4 ಕೋಟಿ ಜನರ ಪೂರ್ಣ ದುಡಿಮೆಯಷ್ಟು ಎಂದೂ ಅದು ಅಂದಾಜು ಮಾಡಿದೆ. ಅರ್ಥಶಾಸ್ತ್ರಜ್ಞ ಇ. ಸೋಮನಾಥನ್ ಮತ್ತು ಸಂಗಡಿಗರು ದೇಶದ ಕಾರ್ಖಾನೆಗಳ ಲೆಕ್ಕಪತ್ರ ತೆಗೆದು ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು: ಉಷ್ಣತೆ ಒಂದು ಡಿಗ್ರಿ ಏರಿದರೆ ಉತ್ಪಾದನೆ ಸುಮಾರು ಶೇ 2ರಷ್ಟು ಕುಸಿಯುತ್ತದೆ. ಬಿಸಿಲು ಹೆಚ್ಚಿದಂತೆ ಗೈರುಹಾಜರಿಯೂ ಹೆಚ್ಚುತ್ತದೆ.

ದಿನಗೂಲಿಯಾದರೆ ಈ ನಷ್ಟ ಮಾಲೀಕನ ಕಣ್ಣಿಗೆ ಬೀಳುತ್ತದೆ. ಕಲ್ಲಿಗೆ ಇಷ್ಟು, ಚದರಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿದ್ದರೆ ನಷ್ಟ ನೇರವಾಗಿ ಆಳಿನ ಜೇಬಿನಿಂದ ಹೋಗುತ್ತದೆ. ಮಾಲೀಕ ತನಗೇನೂ ಹೋಗಿಲ್ಲ ಎಂದುಕೊಳ್ಳುತ್ತಾನೆ. ಸೂರು ಸರಿಮಾಡುವ ಖರ್ಚಿಗೆ ಅವನು ಕೈಹಾಕದಿರುವುದಕ್ಕೆ ಇದೇ ಕಾರಣ. ಆದರೆ ಒಡೆದ ಕಲ್ಲು ಅವನದೇ, ಲಾರಿ ಲೋಡ್ ಆಗದೆ ನಿಂತರೆ ಆರ್ಡರು ಅವನದೇ ತಪ್ಪುತ್ತದೆ, ಕೆಲಸ ಆಗಲಿ ಬಿಡಲಿ ಕರೆಂಟಿನ ನಿಗದಿತ ಶುಲ್ಕವೂ ಅವನದೇ. ಗುತ್ತಿಗೆಯಲ್ಲಿ ಇನ್ನೊಂದು ಕೇಡಿದೆ. ನೀರಿಗೆ ಎದ್ದರೆ ಎರಡು ಕಲ್ಲು ಹೋಯಿತು ಎಂದು ಆಳು ನೀರು ಕುಡಿಯುವುದನ್ನೇ ಬಿಡುತ್ತಾನೆ. ಗುತ್ತಿಗೆ ಲೆಕ್ಕದಲ್ಲೇ ಕೆಲಸ ನಡೆಯಬೇಕಿದ್ದರೆ ನೀರಿನ ವಿರಾಮಕ್ಕೂ ಕೂಲಿ ಸೇರಿಸಿ ದರ ಕಟ್ಟುವುದು ಜಾಣತನ.

ಮೊದಲು ಒಂದು ವಾರ ಬರೆದಿಡಿ

ಏನು ಮಾಡಬೇಕೆಂದು ಕೇಳುವ ಮೊದಲು ಒಂದು ಸಾದಾ ಥರ್ಮಾಮೀಟರ್ ಮತ್ತು ಒಂದು ನೋಟುಬುಕ್ ತನ್ನಿ. ಥರ್ಮಾಮೀಟರನ್ನು ಆಳುಗಳ ತಲೆಯ ಎತ್ತರದಲ್ಲಿ, ಬಿಸಿಲು ನೇರ ಬೀಳದ ಕಡೆ, ಮೋಟರಿನಿಂದ ದೂರ ತೂಗುಹಾಕಿ. ಆಫೀಸ್ ಕೋಣೆಯಲ್ಲಿ ಕೂಲರ್ ಪಕ್ಕ ಹಾಕಿದರೆ ಉಪಯೋಗವಿಲ್ಲ. ಬೆಳಿಗ್ಗೆ 8, 11, ಮಧ್ಯಾಹ್ನ 2, ಸಂಜೆ 4 ಗಂಟೆಗೆ ಮೂರೇ ಅಂಕಿ ಬರೆಯಿರಿ: ಎಷ್ಟು ಡಿಗ್ರಿ, ಎಷ್ಟು ಕಲ್ಲು ಆಯಿತು, ಎಷ್ಟು ಒಡೆಯಿತು. ಬೇಳೆ ಮಿಲ್ಲಾದರೆ ಚೀಲದ ಲೆಕ್ಕ, ಡಿಟಿಪಿ ಅಂಗಡಿಯಾದರೆ ಪುಟ ಮತ್ತು ತಪ್ಪಿನ ಲೆಕ್ಕ. ವಾರದ ಕೊನೆಗೆ ನಿಮ್ಮ ಶೆಡ್ಡು ಎಷ್ಟು ಹೊತ್ತಿಗೆ ಕೈಕೊಡುತ್ತದೆ ಎಂಬುದು ಆ ಪುಟದಲ್ಲೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ಸಂಶೋಧನೆ ಬೇಕಿಲ್ಲ. ಆಳುಗಳ ಮೇಲೆ ಕಣ್ಣಿಡಲು ಬರೆಯುತ್ತಿದ್ದೀರಿ ಎಂದು ಅವರಿಗೆ ಅನ್ನಿಸಿದರೆ ಮಾತ್ರ ಅಂಕಿ ಕೆಡುತ್ತದೆ. ಯಾಕೆ ಬರೆಯುತ್ತಿದ್ದೀರಿ ಎಂದು ಮೊದಲೇ ಹೇಳಿಬಿಡಿ.

ದುಡ್ಡು ಖರ್ಚಿಲ್ಲದ ಮೊದಲ ಮದ್ದು ವೇಳೆ ಬದಲಿಸುವುದು. ಹೊಲದವರು ಹೊತ್ತು ಏರುವುದರೊಳಗೆ ಕೆಲಸ ಮುಗಿಸಿ ಮರದಡಿ ಸೇರುತ್ತಾರೆ. ಅವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನರೇಗಾದಲ್ಲೂ ಈ ಭಾಗದ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುವ ರೂಢಿಯಿದೆ. ಖಣಿ ಮತ್ತು ಯುನಿಟ್ಟುಗಳಲ್ಲಿ ಬೆಳಿಗ್ಗೆ 6ರಿಂದ 11, ಮತ್ತೆ ಸಂಜೆ 4ರಿಂದ 7 ಎಂದು ಒಡೆದುಕೊಳ್ಳಬಹುದು. ಇದರಲ್ಲೊಂದು ತೊಡಕಿದೆ. ಹತ್ತು ಕಿಲೊಮೀಟರ್ ದೂರದ ಹಳ್ಳಿಯಿಂದ ಟಂಟಂ ಹತ್ತಿ ಬರುವವನು ನಡುವೆ ಮನೆಗೆ ಹೋಗಿ ಬರಲಾರ. ಅವನಿಗೆ ಆ ಐದು ಗಂಟೆ ಒರಗಲು ನೆರಳು, ಗಾಳಿ, ನೀರು ಇರುವ ಜಾಗ ಬೇಕು. ಅದಿಲ್ಲದೆ ವೇಳೆ ಒಡೆದರೆ ಆಳುಗಳೇ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಿದ್ದಲ್ಲಿ ಒಂದೇ ಪಾಳಿಯಲ್ಲಿ ನಸುಕಿಗೆ ಶುರುಮಾಡಿ ಒಂದು ಗಂಟೆಗೆ ಮುಗಿಸುವುದೇ ಮೇಲು. ಭಾರ ಎತ್ತುವುದು, ಲಾರಿ ತುಂಬುವುದು ಬೆಳಗಿನ ಜಾವಕ್ಕಿರಲಿ. ಎಣಿಸುವುದು, ಬ್ಲೇಡ್ ಬದಲಿಸುವುದು, ಯಂತ್ರಕ್ಕೆ ಎಣ್ಣೆ ಬಿಡುವುದು ಹನ್ನೊಂದರ ಮೇಲಿರಲಿ.

ಹೊಸಬರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಹೇಳುವ ಲೆಕ್ಕ ಸರಳವಾಗಿದೆ: ಹೊಸಬನಿಗೆ ಮೊದಲ ದಿನ ಮಾಮೂಲಿ ಕೆಲಸದ ಶೇ 20 ಮಾತ್ರ, ಮುಂದೆ ದಿನಕ್ಕೆ ಶೇ 20ರಂತೆ ಏರಿಕೆ. ಹಳಬನಾದರೂ ಮದುವೆ, ಜಾತ್ರೆ, ಜ್ವರ ಎಂದು ರಜೆ ಹಾಕಿ ಬಂದಿದ್ದರೆ ಮೊದಲ ದಿನ ಅರ್ಧ ಕೆಲಸ. ಪುಣೆ, ಮುಂಬೈಯಲ್ಲಿ ದುಡಿದು ಬೇಸಿಗೆಗೆ ಊರಿಗೆ ಮರಳುವ ಚಿಂಚೋಳಿ ತಾಂಡಾಗಳ ಹುಡುಗರಿಗೂ ಇದು ಅನ್ವಯಿಸುತ್ತದೆ. ನಾವು ಈ ನೆಲದವರು, ನಮಗೇನು ಎಂಬ ಹುಂಬತನ ಬೇಡ.

ಪತ್ರಾಸು, ಸುಣ್ಣ, ತೊಗರಿ ಕಟ್ಟಿಗೆ

ಹಳೆಯ ಮಣ್ಣಿನ ಮಾಳಿಗೆಯ ಮನೆಯೊಳಗೆ ಮೇ ತಿಂಗಳ ಮಧ್ಯಾಹ್ನ ಕಾಲಿಟ್ಟವರಿಗೆ ವ್ಯತ್ಯಾಸ ಗೊತ್ತು. ದಪ್ಪ ಗೋಡೆ, ಮೇಲೆ ಮಣ್ಣು, ಕಾಲಡಿ ತಣ್ಣನೆಯ ಫರ್ಸಿ, ಹೊಗೆಯೂ ಬಿಸಿಗಾಳಿಯೂ ಏರಿ ಹೋಗಲು ಬೆಳಕಿಂಡಿ. ಅದೇ ಊರಿನಲ್ಲಿ ಈಗ ದುಡಿಯುವ ಜಾಗಕ್ಕೆಲ್ಲ ಪತ್ರಾಸು. ಪತ್ರಾಸಿನ ಶೆಡ್ಡಿನಲ್ಲಿ ನೆರಳಿದೆ, ತಂಪಿಲ್ಲ. ಕಾದ ತಗಡು ಮೇಲಿನಿಂದ ತಲೆಗೆ, ಹೆಗಲಿಗೆ ಶಾಖ ಸುರಿಯುತ್ತಲೇ ಇರುತ್ತದೆ. ಎತ್ತರ ಕಡಿಮೆಯಾದಷ್ಟೂ ಹೆಚ್ಚು ತಾಕುತ್ತದೆ.

ಇದಕ್ಕೆ ಎರಡು ಉಪಾಯ. ಒಂದು, ಮೇಲ್ಭಾಗವನ್ನು ಬೆಳ್ಳಗೆ ಮಾಡುವುದು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಒಳಗಿನ ಬಿಸಿ 2ರಿಂದ 5 ಡಿಗ್ರಿಯಷ್ಟು ಇಳಿಯುತ್ತದೆ. ಅಹಮದಾಬಾದ್ 2010ರ ಬಿಸಿಗಾಳಿಗೆ ಸಿಕ್ಕು ಪಾಠ ಕಲಿತು 2013ರಲ್ಲಿ ತನ್ನ ಉಷ್ಣ ಕ್ರಿಯಾ ಯೋಜನೆ ತಂದಿತು. ಬಿಳಿ ಸೂರುಗಳೂ ಮುಂದೆ ಅದರ ಭಾಗವಾದವು. ಸೇಡಂ, ಚಿಂಚೋಳಿಯ ಗಡಿಗೆ ಅಂಟಿಕೊಂಡಿರುವ ತೆಲಂಗಾಣ 2023ರಲ್ಲಿ ತಂಪು ಸೂರಿನದೇ ಒಂದು ನೀತಿ ಮಾಡಿದೆ. ಆರ್‌ಸಿಸಿ ಮಾಳಿಗೆಯಾದರೆ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟ್ ಬಳಿದರೆ ಆ ಬೇಸಿಗೆಗೆ ಸಾಕು. ಸುಣ್ಣದ ಕಲ್ಲಿನ ಮೇಲೆ ಕೂತಿರುವ ನಾವು ಸುಣ್ಣಕ್ಕೆ ಪರದಾಡಬೇಕಿಲ್ಲ. ತಗಡಿಗೆ ಮಾತ್ರ ಸುಣ್ಣ ಹಿಡಿಯುವುದಿಲ್ಲ, ಮೊದಲ ಗಾಳಿಗೇ ಹೊಪ್ಪಳಿಕೆ ಏಳುತ್ತದೆ. ಅಲ್ಲಿ ಬಿಸಿಲು ತಡೆಯುವ ಬಿಳಿ ಬಣ್ಣವೇ ಬೇಕು. ಬಣ್ಣ ಹಚ್ಚುವವನು ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬಾರದು. ಕೆಳಗಿನ ಅಡ್ಡಪಟ್ಟಿಗಳಿಗೆ ಆನಿಸಿ ಹಲಗೆ ಹಾಕಿಯೇ ನಡೆಯಬೇಕು.

ಎರಡನೆಯದು, ತಗಡಿನ ಕೆಳಗೆ ಒಂದಡಿ ಬಿಟ್ಟು ಇನ್ನೊಂದು ಪರದೆ. ಬಿದಿರಿನ ತಟ್ಟಿ, ಹಸಿರು ನೆರಳು ಬಲೆ, ಹೊಲಿದ ಗೋಣಿಚೀಲ ಯಾವುದಾದರೂ ನಡೆಯುತ್ತದೆ. ನಡುವಿನ ಸಂದಿನಲ್ಲಿ ಗಾಳಿ ಹರಿದು ಎರಡು ಕೊನೆಗಳಲ್ಲಿ ಹೊರಹೋಗುವಂತಿರಬೇಕು. ತೊಗರಿ ಕಟ್ಟಿಗೆಯನ್ನು ಹೊರೆ ಕಟ್ಟಿ ಹೊದೆಸುವುದು ಈ ಸೀಮೆಯ ಹಳೆಯ ರೂಢಿ. ಹೊಲದ ಗುಡಿಸಲಿಗೆ, ಖಣಿಯ ನೆರಳಿಗೆ ಅದರಷ್ಟು ಅಗ್ಗವಾದದ್ದು ಬೇರಿಲ್ಲ. ಕಟಿಂಗ್ ಮಷಿನ್, ವೆಲ್ಡಿಂಗ್ ಇರುವ ಕಡೆ ಮಾತ್ರ ಬೇಡ. ಒಂದು ಕಿಡಿ ಸಾಕು. ಜೊತೆಗೆ ಪಡುವಣ ಗೋಡೆಯನ್ನು ಮುಚ್ಚಿ. ಮಧ್ಯಾಹ್ನ ಎರಡರ ಮೇಲಿನ ಬಿಸಿಲು ಬರುವುದೇ ಅಲ್ಲಿಂದ. ಗಾಳಿ ಬರುವ ಕಡೆ ಕೆಳಗೆ ಕಿಂಡಿ, ಎದುರು ಕಡೆ ಮೇಲೆ ಕಿಂಡಿ ಇಟ್ಟರೆ ಬಿಸಿಗಾಳಿ ತಾನೇ ಏರಿ ಹೋಗುತ್ತದೆ.

ಖಣಿಯ ತಗ್ಗಿನ ಪಾಡು ಬೇರೆ. ಸುತ್ತ ಕಲ್ಲಿನ ಗೋಡೆ, ಒಳಗೆ ಗಾಳಿಯಿಲ್ಲ, ನೆಲದ ಬಂಡೆಯಿಂದಲೂ ಬಿಸಿಲು ಚಿಮ್ಮುತ್ತದೆ. ಮೇಲಿನಿಂದ ಬರುವಷ್ಟೇ ಝಳ ಕೆಳಗಿನಿಂದಲೂ ಮುಖಕ್ಕೆ ಬಡಿಯುತ್ತದೆ. ಟೋಪಿ, ರುಮಾಲು ತಲೆ ಕಾಯುತ್ತವೆ, ಕಣ್ಣನ್ನು ಕಾಯುವುದಿಲ್ಲ. ಕಪ್ಪು ಕನ್ನಡಕ ಅಲ್ಲಿ ಶೋಕಿಯಲ್ಲ. ನಾಲ್ಕು ಗಳ, ಒಂದು ತಾಡಪತ್ರಿ ಇಟ್ಟುಕೊಂಡರೆ ಕೆಲಸ ಮುಂದೆ ಹೋದಂತೆ ನೆರಳನ್ನೂ ಎತ್ತಿ ಮುಂದಕ್ಕೆ ನೆಡಬಹುದು.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಒಣ ಬಿಸಿಲಿಗೆ ನೀರಿನ ಕೂಲರ್ ಹೇಳಿ ಮಾಡಿಸಿದ ಯಂತ್ರ, ಎಸಿಯ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅರ್ಧ ಅಂಗಡಿಗಳಲ್ಲಿ ಅದನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಿರುತ್ತಾರೆ. ಅದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಒದ್ದೆ ಮಾಡಿ, ಒಂದು ಗಂಟೆಯಲ್ಲಿ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಕೂಲರ್ ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿ ತೆರೆದಿರಬೇಕು. ಬರೀ ಫ್ಯಾನು 40 ಡಿಗ್ರಿಯವರೆಗೆ ಮಾತ್ರ ಉಪಕಾರಿ. ಅದರ ಮೇಲೆ ಕುಲುಮೆಯ ತಿದಿಯಂತೆ ಬಿಸಿಗಾಳಿಯನ್ನೇ ಮೈಮೇಲೆ ಊದುತ್ತದೆ. ಅಂಗಿಯನ್ನೋ ಕೊರಳಿನ ಟವೆಲನ್ನೋ ಒದ್ದೆ ಮಾಡಿಕೊಂಡರೆ ಆಗಲೂ ಫ್ಯಾನಿನಿಂದ ಸ್ವಲ್ಪ ಪ್ರಯೋಜನ ಉಂಟು.

ನೀರು ಇಟ್ಟರೆ ಸಾಲದು

ಬಾಯಾರಿದಾಗ ಕುಡಿಯುವುದು ತಡವಾದ ಲೆಕ್ಕ. ಬಿಸಿಲಲ್ಲಿ ದುಡಿಯುವಾಗ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕು. ತಾಸಿಗೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿಯುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪಿನಂಶ ತೆಳುವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ನಮ್ಮವರ ಹಳೆಯ ಮದ್ದು. ತುಂಬ ಬೆವರಿದಾಗ ಒಂದು ಲೀಟರ್ ನೀರಿಗೆ ಸಮತಲವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕೊಡಬಹುದು. ಚಹಾದ ಚಮಚ, ಊಟದ್ದಲ್ಲ.

ನೀರಿನ ರಂಜಣಗಿ ಎಲ್ಲಿಟ್ಟಿದ್ದೀರಿ ಎಂಬುದು ಸಣ್ಣ ವಿಷಯವಲ್ಲ. ಗೇಟಿನ ಹತ್ತಿರ ಇಟ್ಟರೆ ಒಳಗಿನವನು ಎದ್ದು ಬರುವುದಿಲ್ಲ. ಮಷಿನ್ನಿನಿಂದ ಹತ್ತು ಹೆಜ್ಜೆಯೊಳಗೆ, ನೆರಳಲ್ಲಿ, ಮುಚ್ಚಳ ಹಾಕಿ, ಉದ್ದ ಹಿಡಿಯ ಸೌಟಿನ ಜೊತೆ ಇಡಿ. 1948ರ ಕಾಯ್ದೆಯೇ ಕುಡಿಯುವ ನೀರಿನ ಜಾಗ ಪಾಯಖಾನೆಯಿಂದ ಆರು ಮೀಟರ್ ದೂರವಿರಬೇಕು, ಅಲ್ಲಿ ದುಡಿಯುವವರಿಗೆ ತಿಳಿಯುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು ಎಂದಿತ್ತು. ಪಾಲಿಶ್ ಯುನಿಟ್ಟಿನಲ್ಲಿ ಆ ಬರಹಕ್ಕೆ ವಿಶೇಷ ಅರ್ಥವಿದೆ, ಪಕ್ಕದಲ್ಲೇ ಮಷಿನ್ನಿಗೆ ಬಿಡುವ ನೀರಿನ ತೊಟ್ಟಿಯೂ ಇರುತ್ತದಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು. ಖಣಿಯಲ್ಲಿ ಕಲ್ಲು ಹೊರುವ, ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ, ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಬೆಳಗಿನಿಂದ ನೀರನ್ನೇ ಮುಟ್ಟುವುದಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. 42 ಡಿಗ್ರಿಯಲ್ಲಿ ನೀರಿಲ್ಲದೆ ಎಂಟು ತಾಸು ಎಂದರೆ ತಲೆಸುತ್ತು, ಉರಿಮೂತ್ರ, ಮುಂದೆ ಮೂತ್ರಪಿಂಡದ ಕಲ್ಲು. ಆಮೇಲೆ ವಾರಕ್ಕೆರಡು ದಿನ ರಜೆ. ‘ಬಾಯಂದಿರು ನಾಗಾ ಹಾಕ್ತಾರ’ ಎನ್ನುವ ಸಾವುಕಾರರು ಬಾಗಿಲು, ಚಿಲಕ, ನೀರಿನ ತೊಟ್ಟಿ ಇರುವ ಒಂದು ಪಾಯಖಾನೆ ಕಟ್ಟಿಸಿ ನೋಡಲಿ. ಗೋಡೆಗೆ, ನೆಲಕ್ಕೆ ಯುನಿಟ್ಟಿನ ತುಂಡು ಫರ್ಸಿಯೇ ಸಾಕು. ಈ ಲೇಖನದಲ್ಲಿ ಹೇಳಿರುವುದರಲ್ಲಿ ಒಂದನ್ನೇ ಮಾಡಲು ಸಾಧ್ಯ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ದುಡಿಯುತ್ತಿದ್ದವನು ತೊದಲಿದರೆ, ಗಲಿಬಿಲಿಗೊಂಡರೆ, ಮೈ ಕಾದ ಹೆಂಚಾಗಿದ್ದರೆ ಅದು ದಣಿವಲ್ಲ, ಉಷ್ಣಾಘಾತ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಬಕೆಟ್ಟುಗಟ್ಟಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ. ಗಾಡಿ ಬರುವವರೆಗೆ ಮೈ ತಂಪು ಮಾಡುವುದನ್ನು ನಿಲ್ಲಿಸಬೇಡಿ.

ಧೂಳು, ಸದ್ದು, ಬೆಳಕು, ಭಾರ

ಒಣ ಕಟಿಂಗ್‌ನಲ್ಲಿ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಕೆಟ್ಟದ್ದು. ಅದು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ನಮ್ಮ ಸುಣ್ಣದ ಕಲ್ಲಿನಲ್ಲಿ ಸಿಲಿಕಾ ಗ್ರಾನೈಟಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ. ಬ್ಲೇಡಿನ ಮೇಲೆ ಸಣ್ಣ ಪೈಪಿನಿಂದ ನೀರು ಹರಿಸಿದರೆ ಧೂಳು ಹುಟ್ಟುವಲ್ಲೇ ಸಾಯುತ್ತದೆ, ಬ್ಲೇಡೂ ಹೆಚ್ಚು ದಿನ ಬಾಳುತ್ತದೆ. ಕಸ ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ. ಸಂಜೆ ಕಂಪ್ರೆಸರ್ ಗಾಳಿಯಿಂದ ಬಟ್ಟೆಯ ಧೂಳು ಹಾರಿಸುವ ಚಟ ಬಿಡಿಸಿ. ಮೂಗಿಗೆ ಕಟ್ಟಿದ ಕರವಸ್ತ್ರ ಮನಸ್ಸಿನ ಸಮಾಧಾನಕ್ಕೆ ಮಾತ್ರ. ಎನ್‌95 ಮಾಸ್ಕ್ ಬೇಕು. ಈ ಸೆಕೆಯಲ್ಲಿ ಅದನ್ನು ದಿನವಿಡೀ ಯಾರೂ ಹಾಕಿಕೊಳ್ಳಲಾರರು, ಆದ್ದರಿಂದ ನೀರಿನ ದಾರಿಯೇ ನಂಬಿಕಸ್ಥ. ಆದರೆ ನೀರು ಮತ್ತು ಕರೆಂಟು ಒಂದೇ ನೆಲದ ಮೇಲೆ ಇರುವಾಗ ಅರ್ಥಿಂಗ್ ಸರಿಯಿರಬೇಕು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಇದರಲ್ಲಿ ಉಳಿತಾಯ ನೋಡುವ ಮಾಲೀಕರ ಬಗ್ಗೆ ನನಗೆ ಯಾವ ಸಹಾನುಭೂತಿಯೂ ಇಲ್ಲ.

ತೋಳಿನಷ್ಟು ದೂರ ನಿಂತವನಿಗೆ ಕೂಗಿ ಹೇಳಬೇಕಾದರೆ ಅಲ್ಲಿನ ಸದ್ದು 85 ಡೆಸಿಬಲ್ ಆಸುಪಾಸು ಇದೆ ಎಂದು ತಿಳಿಯಿರಿ. ಕಿವಿ ಮಂದವಾಗುವುದು ವರ್ಷಗಳ ಮಾತು. ‘ನಿಲ್ಲು’ ಎಂದದ್ದು ‘ಬಿಡು’ ಎಂದು ಕೇಳಿಸಿ ಕೈ ಜಜ್ಜುವುದು ಇವತ್ತಿನದೇ ಮಾತು. ಕಂಪ್ರೆಸರನ್ನು ಗೋಡೆಯ ಆಚೆಗೆ ಸರಿಸಿ, ಕೈಸನ್ನೆಗಳನ್ನು ಎಲ್ಲರೂ ಒಂದೇ ರೀತಿ ಕಲಿಯಿರಿ.

ಬೆಳಕಿನ ವಿಷಯದಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತೆಂದು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನ್ಯಾಶಧಮ್ ಅಧ್ಯಯನ ಮಾಡಿದ್ದರು. ಕರೆಂಟ್ ಬಿಲ್ ಇಳಿಸಲು ಹಾಕಿದ ದೀಪ ಬಿಸಿಲಿನ ದಿನಗಳಲ್ಲಿ ಹೊಲಿಗೆಯ ಪ್ರಮಾಣವನ್ನೂ ಏರಿಸಿತ್ತು. ಕಾರಣ ಬೆಳಕಲ್ಲ, ಎಲ್‌ಇಡಿ ಕಡಿಮೆ ಬಿಸಿ ಉಗುಳುತ್ತದೆ ಎಂಬುದು. ತಲೆಯ ಮೇಲಿನ ದೀಪವೂ ಒಂದು ಒಲೆ ಎಂದು ಯಾರು ಯೋಚಿಸಿರುತ್ತಾರೆ? ಪಾಲಿಶ್‌ನವರಿಗೆ ಇನ್ನೊಂದು ಸೂಚನೆ: ದೀಪ ನೆತ್ತಿಯ ಮೇಲಿದ್ದರೆ ಕಲ್ಲಿನ ಗೀರು ಕಾಣುವುದಿಲ್ಲ. ಒಂದು ಎಲ್‌ಇಡಿ ಪಟ್ಟಿಯನ್ನು ಮೇಜಿನ ಮಟ್ಟಕ್ಕೆ, ಪಕ್ಕದಿಂದ ಓರೆಯಾಗಿ ಬೀಳುವಂತೆ ಕಟ್ಟಿ. ಗೀರು, ಅಲೆ, ಬಿಟ್ಟುಹೋದ ಮೂಲೆ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ವಾಪಸ್ ಬರುವ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಫರ್ಸಿ ಸುಮಾರು 37 ಕಿಲೊ ತೂಗುತ್ತದೆ. ಒಂದಿಂಚಿನದು 25 ಕಿಲೊ. ಅನುಕೂಲವಾದ ಎತ್ತರದಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತುವಾಗಲೂ 23 ಕಿಲೊ ಮಿತಿ ಎಂದು ನಿಯೋಷ್ ಲೆಕ್ಕ ಹಾಕಿದೆ. ಅಂದರೆ ಒಂದಿಂಚಿನ ಕಲ್ಲೇ ಆ ಮಿತಿಯನ್ನು ದಾಟಿದೆ. ಒಂದೂವರೆ ಇಂಚಿನದಕ್ಕೆ ಇಬ್ಬರು ಎಂಬ ನಿಯಮವಿರಲಿ. ಕಲ್ಲನ್ನು ನೆಲದ ಮೇಲೆ ಒಂದರ ಮೇಲೊಂದು ಮಲಗಿಸುವ ಬದಲು ಮರದ ದಿಮ್ಮಿಗೆ ಓರೆಯಾಗಿ ನಿಲ್ಲಿಸಿದರೆ ಪ್ರತಿ ಕಲ್ಲಿಗೂ ನೆಲದವರೆಗೆ ಬಾಗುವುದು ತಪ್ಪುತ್ತದೆ.

ರಾತ್ರಿ ಪಾಳಿ, ಹಗಲು ನಿದ್ದೆ

ವಾಡಿ ಜಂಕ್ಷನ್ನಿಗೂ ಸಿಮೆಂಟ್ ಭಟ್ಟಿಗಳಿಗೂ ರಾತ್ರಿ ಎಂಬುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನ ಮಟ್ಟಿಗೆ ಮಲಗುವ ಕೋಣೆಯೇ ದುಡಿಮೆಯ ಜಾಗದ ಅರ್ಧ. ಅಲ್ಲಿ ಸರಿಯಾಗಿ ಮಲಗದವನು ಮರುರಾತ್ರಿ ಕನ್ವೇಯರ್ ಪಕ್ಕ ತೂಕಡಿಸುತ್ತಾನೆ. ರೈಲ್ವೆಯವರು ಇದನ್ನು ಬಹಳ ಹಿಂದೆಯೇ ಅರಿತು ಲೋಕೊ ಪೈಲಟ್‌ಗಳಿಗೆಂದು ರನ್ನಿಂಗ್ ರೂಮ್ ಕಟ್ಟಿದರು. ಮನೆಯಲ್ಲಾದರೆ ಪೂರ್ವ–ಪಶ್ಚಿಮದ ಕೋಣೆ ಬಿಟ್ಟು ಉತ್ತರದ ಕೋಣೆ, ಕಿಟಕಿಗೆ ಗಾಢ ಬಣ್ಣದ ದಪ್ಪ ಪರದೆ, ಹೊರಗೆ ಕೂಲರ್. ಕೆಲಸ ಮುಗಿಯುವ ಹೊತ್ತಿಗೆ ಚಹಾ ಬೇಡ. ಎದ್ದ ಮೇಲೆ ಕುಡಿಯಿರಿ. ಮನೆಮಂದಿಗೆ ಮತ್ತು ಓಣಿಯ ಮಕ್ಕಳಿಗೆ ಒಂದು ಮಾತು ಹೇಳಿಡಬೇಕು. ಮದುವೆ ಸೀಸನ್ನಿನ ಡಿಜೆಗೆ ಮಾತ್ರ ನನ್ನ ಬಳಿ ಮದ್ದಿಲ್ಲ.

ಮೇಜಿನ ಕೆಲಸದವರ ಕಷ್ಟ ಇದಕ್ಕಿಂತ ಹಗುರ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಕಂಪ್ಯೂಟರ್ ಪರದೆ ಕಿಟಕಿಗೆ ಅಡ್ಡವಾಗಿರಲಿ, ಎದುರೂ ಬೇಡ, ಬೆನ್ನಿಗೂ ಬೇಡ. ಎಸಿ ಇದ್ದರೆ 18ಕ್ಕೆ ಇಡುವ ಬಡಾಯಿ ಬಿಟ್ಟು 24ಕ್ಕೆ ಇಟ್ಟು ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ. ಬಟ್ಟೆ ಅಂಗಡಿಯ ಹುಡುಗ ಹುಡುಗಿಯರಿಗೆ ಗಿರಾಕಿ ಇಲ್ಲದಾಗ ಕೂರಲು ಸ್ಟೂಲ್ ಕೊಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಇದಕ್ಕಾಗಿ ಕಾನೂನನ್ನೇ ತಿದ್ದಬೇಕಾಯಿತು.

ಯಾವಾಗ ಏನು ಮಾಡಬೇಕು ಎನ್ನುವುದಕ್ಕೆ ನಮ್ಮ ಹಬ್ಬ, ಮಳೆಗಳ ಲೆಕ್ಕವೇ ಸಾಕು. ಶಿವರಾತ್ರಿಯೊಳಗೆ ಸೂರಿಗೆ ಬಿಳಿ ಬಣ್ಣ, ಕೆಳಗೆ ತಟ್ಟಿ. ಏಪ್ರಿಲ್ಲಿನಲ್ಲಿ ಕಾದ ತಗಡಿನ ಮೇಲೆ ಯಾರನ್ನೂ ಹತ್ತಿಸಲಾಗದು. ಯುಗಾದಿಯ ಹೊತ್ತಿಗೆ ಹೊಸ ವೇಳೆ, ರಂಜಣಗಿ, ಕೂಲರ್‌ಗೆ ಹೊಸ ಹುಲ್ಲು. ಮೃಗಶಿರಾ ಮಳೆ ಬೀಳುವ ಮೊದಲು ಪಾಲಿಶ್ ಕೆಸರಿನ ಗುಂಡಿ ಮತ್ತು ಚರಂಡಿಯನ್ನು ಬಳಿದು ಸ್ವಚ್ಛ ಮಾಡಿ. ಇಲ್ಲದಿದ್ದರೆ ಮೊದಲ ಮಳೆಗೆ ಆ ಲೋಳೆಯೆಲ್ಲ ಕಲ್ಲು ಹೊತ್ತು ನಡೆಯುವ ದಾರಿಗೇ ಬರುತ್ತದೆ. ಮಳೆ ಹಿಡಿದ ಮೇಲೆ ಗಾಳಿಯಲ್ಲಿ ತೇವ ಹೆಚ್ಚಿ ಕೂಲರ್ ಕೆಲಸಕ್ಕೆ ಬಾರದು. ನೀರು ಬಸಿದು ಒಣಗಿಸಿ ಎತ್ತಿಡಿ, ಇಲ್ಲವಾದರೆ ಸೊಳ್ಳೆ ಸಾಕಿದಂತೆ. ಅಲ್ಲಿಂದಾಚೆ ಒಳಗಿನ ಗಾಳಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನಿನದೇ ಸರದಿ.